ಹೈಫಾ ಬೆಟ್ಟದ ಮೇಲಿದ್ದ ತೋಪುಗಳು ಯಾರವು? ಆಸ್ಟ್ರಿಯಾ ಸೈನ್ಯದ ಕಥೆನೂ ಸ್ವಲ್ಪ ಬರೀರಿ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 23 ಹತ್ರ ಬಂತು ಅಂದ್ರೆ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಹೈಫಾ ಕದನದ ಬಗ್ಗೆ ಲೇಖನ ಬರುತ್ತೆ, ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಮೇಲೆ ಈಟಿ ಹಿಡ್ಕೊಂಡು ಮೆಷಿನ್ ಗನ್ನಿಗೆ ಎದುರಾಗಿ ನುಗ್ಗಿ 1918ರಲ್ಲಿ ಆ ಊರು ಗೆದ್ದ ಕಥೆ, ಜೊತೆಗೆ ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕದ ಫೋಟೋ. ಓದಿದಾಗೆಲ್ಲ ಹೆಮ್ಮೆ ಆಗುತ್ತೆ, ಆಗಲೇಬೇಕು. ಆದ್ರೆ ಎಲ್ಲಾ ಲೇಖನದಲ್ಲೂ ಎದುರಾಳಿ ಅಂದ್ರೆ ತುರ್ಕಿಗಳು, ಜರ್ಮನ್ನರು ಅಂತ ಬರೆದು ಮುಗಿಸಿಬಿಡ್ತಾರೆ. ಕಾರ್ಮೆಲ್ ಬೆಟ್ಟದ ಮೇಲೆ ಕೂತು ರಸ್ತೆ ಮೇಲೆ ಗುಂಡು ಸುರಿಸ್ತಿದ್ದ ತೋಪುಗಳಿದ್ವಲ್ಲ, ಮೈಸೂರಿನ ಒಂದು ಸ್ಕ್ವಾಡ್ರನ್ ಕಡಿದಾದ ಇಳಿಜಾರು ಹತ್ತಿ ಹೋಗಿ ಹಿಡಿದಿದ್ದು, ಅದು ಆಸ್ಟ್ರಿಯಾದ ಬ್ಯಾಟರಿ (ತೋಪಿನ ದಳ). ಅಂದ್ರೆ ನಮ್ಮ ಮೈಸೂರಿನ ಸವಾರರು ಆ ದಿನ ಹೋರಾಡಿದ್ದು ಮೂರು ಸಾಮ್ರಾಜ್ಯಗಳ ಸೈನಿಕರ ಜೊತೆ.

ಇದನ್ನ ಓದಿದ ಮೇಲೆ ನನಗೆ ತಲೇಲಿ ಕೂತ ಪ್ರಶ್ನೆ ಒಂದೇ, ವಿಯೆನ್ನಾದ ಚಕ್ರವರ್ತಿ ತೋಪುಗಳು ಪ್ಯಾಲೆಸ್ಟೈನಿನ ಬೆಟ್ಟದ ಮೇಲೆ ಏನ್ ಮಾಡ್ತಿದ್ವು? ಯಾಕಂದ್ರೆ ಅದೇ ಹೊತ್ತಲ್ಲಿ ಆಸ್ಟ್ರಿಯಾ-ಹಂಗೇರಿ ಸೈನ್ಯ ಇಟಲಿಯ ಪಿಯಾವೆ ನದಿ ಹತ್ರ ಇದೆ, ಆಲ್ಪ್ಸ್ ಹಿಮದಲ್ಲಿ ಇದೆ, ಅಲ್ಬೇನಿಯಾದಲ್ಲಿ ಇದೆ, ಸರ್ಬಿಯಾ ಕಾಯ್ತಾ ಇದೆ, ಯುಕ್ರೇನಿನ ಒಡೆಸ್ಸಾ ಕಡೆ ಧಾನ್ಯಕ್ಕೆ ಅಂತ ಕೂತಿದೆ, ಫ್ರಾನ್ಸಿಗೂ ಕೆಲವು ಡಿವಿಷನ್ ಕಳಿಸಿದೆ. ಅದೂ ಮನೇಲಿ ಜನಕ್ಕೆ ರೊಟ್ಟಿ ಇಲ್ಲದ ವರ್ಷ. ಕನ್ನಡದಲ್ಲಿ ಮೊದಲನೇ ಮಹಾಯುದ್ಧ ಅಂದ್ರೆ ಫ್ರಾನ್ಸಿನ ಕಂದಕಗಳು, ಗಲಿಪೊಲಿ, ಮೆಸೊಪೊಟೇಮಿಯಾ ಇಷ್ಟೇ. ಯುದ್ಧ ಶುರು ಮಾಡಿದ ದೇಶದ ಸೈನ್ಯಕ್ಕೆ ಏನಾಯ್ತು ಅನ್ನೋದು ಸರಾಯೇವೊದ ಗುಂಡಿನ ಸದ್ದು ಆದ ತಕ್ಷಣ ಪುಸ್ತಕದಿಂದ ಮಾಯ ಆಗಿಬಿಡುತ್ತೆ. ಟಿವಿ ಚರ್ಚೆಗಳಲ್ಲಿ ಎರಡು ರಂಗ, ಮೂರು ರಂಗ ಅಂತ ಸಲೀಸಾಗಿ ಮಾತಾಡೋ ಈ ಕಾಲದಲ್ಲಿ, ನಿಜವಾಗ್ಲೂ ಹಲವು ರಂಗಗಳಲ್ಲಿ ಕಾದಾಡಿ ನೆಲ ಕಚ್ಚಿದ ಸೈನ್ಯದ ಅನುಭವ ನಮ್ಮ ಓದುಗರಿಗೆ ತಿಳಿಬೇಕು ಅಂತ ಈ ಪತ್ರ ಬರೀತಿದೀನಿ. ಉದ್ದ ಆಗುತ್ತೆ, ದಯವಿಟ್ಟು ಕತ್ತರಿ ಹಾಕ್ಬೇಡಿ.

ನಾನು ಹೇಳ್ಬೇಕಾಗಿರೋದು ಇಷ್ಟು. ಆಸ್ಟ್ರಿಯಾ ಸೋತಿದ್ದು ಅದರ ಸೈನಿಕರು ಕೈಲಾಗದೋರು ಅಂತ ಅಲ್ಲ. ರಂಗಗಳ ಸಂಖ್ಯೆ ಕಡಿಮೆ ಮಾಡೋ ಕೆಲಸ ರಾಜಕೀಯದ್ದು, ಆ ಕೆಲಸ ಮಾಡದೆ ಇದ್ದ ಒಂದೇ ಮೀಸಲು ಪಡೆಯನ್ನ ಅತ್ತಿಂದಿತ್ತ ಇತ್ತಿಂದತ್ತ ಓಡಿಸಿ ಸವೆಸಿಬಿಟ್ಟರು, ಅದೂ ಒಂದು ಸಲ ಅಲ್ಲ.

1866ನ್ನೇ ನೋಡಿ. ಉತ್ತರದಲ್ಲಿ ಪ್ರಶ್ಯಾ ಅನ್ನೋ ಜರ್ಮನ್ ರಾಜ್ಯ, ದಕ್ಷಿಣದಲ್ಲಿ ಇಟಲಿ, ಎರಡೂ ಒಟ್ಟಿಗೆ ಮೇಲೆ ಬಿದ್ವು. ಇಟಲಿ ನೆಲದ ಮೂಲೆಮೂಲೆ ಗೊತ್ತಿದ್ದ ಬೆನೆಡೆಕ್ ಅನ್ನೋ ದಂಡನಾಯಕನ್ನ, ಆತ ಬೇಡ ಅಂದ್ರೂ ಕೇಳದೆ ಉತ್ತರಕ್ಕೆ ಬೊಹೀಮಿಯಾಗೆ (ಇವತ್ತಿನ ಜೆಕ್ ದೇಶ) ಕಳಿಸಿದ್ರು, ದಕ್ಷಿಣಕ್ಕೆ ರಾಜಮನೆತನದ ಆರ್ಚ್‌ಡ್ಯೂಕ್ ಆಲ್ಬ್ರೆಕ್ಟ್. ಜೂನ್ 24ಕ್ಕೆ ಕುಸ್ಟೋಜಾದಲ್ಲಿ ಆಲ್ಬ್ರೆಕ್ಟ್ ಇಟಲಿಯನ್ನ ಸೋಲಿಸಿದ, ಜುಲೈ 3ಕ್ಕೆ ಕೊನಿಗ್ರೆಟ್ಸ್‌ನಲ್ಲಿ ಬೆನೆಡೆಕ್ ಪ್ರಶ್ಯಾ ಕೈಲಿ ಸೋತ, ಯುದ್ಧ ಅಲ್ಲಿಗೆ ಮುಗೀತು. ನನಗೆ ಸಿಟ್ಟು ಬರೋದು ಎಲ್ಲಿ ಗೊತ್ತಾ, ದಕ್ಷಿಣದಲ್ಲಿ ಕಾದಾಡಿದ್ದು ವೆನೀಷಿಯಾ ಪ್ರಾಂತ್ಯಕ್ಕೆ, ಆ ವೆನೀಷಿಯಾನ ಗೆದ್ರೂ ಬಿಟ್ಟುಕೊಡ್ತೀವಿ ಅಂತ ಆಸ್ಟ್ರಿಯಾ ಯುದ್ಧಕ್ಕೆ ಮುಂಚೆ ಜೂನ್ 12ಕ್ಕೇ ಫ್ರಾನ್ಸಿನ ಮೂರನೇ ನೆಪೋಲಿಯನ್ ಜೊತೆ ಗುಟ್ಟಾಗಿ ಒಪ್ಪಂದ ಮಾಡ್ಕೊಂಡಿತ್ತು! ಅದೇ ಪ್ರಾಂತ್ಯನ ಮೊದಲೇ ನೇರವಾಗಿ ಇಟಲಿಗೆ ಕೊಟ್ಟಿದ್ರೆ ದಕ್ಷಿಣದ ರಂಗಾನೇ ಇರ್ತಿರ್ಲಿಲ್ಲ, ಅಲ್ಲಿ ಸತ್ತ ಹುಡುಗರು ಬದುಕ್ತಿದ್ರು, ಆ ಸೈನ್ಯವೂ ಬೊಹೀಮಿಯಾಗೆ ಸಿಗ್ತಿತ್ತು. ಮಾನ ಹೋಗುತ್ತೆ ಅಂತ ಕೊಡ್ಲಿಲ್ಲ.

ಐವತ್ತು ವರ್ಷ ಆದ್ಮೇಲೂ ಅದೇ.

1914ರ ಹೊತ್ತಿಗೆ ಸೇನಾ ಮುಖ್ಯಸ್ಥ ಫ್ರಾಂಟ್ಸ್ ಕಾನ್ರಾಡ್ ಫಾನ್ ಹೋಟ್ಸೆಂಡೋರ್ಫ್. ಕೆಲಸಗಾರ, ಓದಿದ ಮನುಷ್ಯ, ಕೈಕೆಳಗಿನ ಅಧಿಕಾರಿಗಳಿಗೆ ಆತ ಅಂದ್ರೆ ಭಕ್ತಿ. ಯುದ್ಧಕ್ಕೆ ಮುಂಚೆ ವರ್ಷಗಟ್ಟಲೆ ಸರ್ಬಿಯಾ ಮೇಲೆ ದಾಳಿ ಮಾಡೋಣ, ಇಟಲಿ ಮೇಲೆ ದಾಳಿ ಮಾಡೋಣ ಅಂತ ಅರ್ಜಿ ಮೇಲೆ ಅರ್ಜಿ ಹಾಕ್ತಿದ್ದೋನೂ ಇವನೇ. ಇವನ ಯೋಜನೆ ಕಾಗದದ ಮೇಲೆ ನೋಡಿದ್ರೆ ಬುದ್ಧಿವಂತಿಕೆಯದ್ದೇ. ಸೈನ್ಯನ ಮೂರು ಭಾಗ ಮಾಡಿದ್ದ, ಬಾಲ್ಕನ್ ಕಡೆಗೆ ಒಂದು ಚಿಕ್ಕ ಗುಂಪು, ರಷ್ಯಾ ಎದುರಿಗೆ ಗಲೀಷಿಯಾ ಅನ್ನೋ ಈಶಾನ್ಯದ ಪ್ರಾಂತ್ಯದಲ್ಲಿ ಒಂದು ದೊಡ್ಡ ಗುಂಪು, ಮತ್ತೆ ಹನ್ನೆರಡು ಡಿವಿಷನ್ ಆಸುಪಾಸಿನ ಮೂರನೇ ಗುಂಪು, ಅದೇ ಎರಡನೇ ಸೈನ್ಯ ಅನ್ನೋದು. ರಷ್ಯಾ ಸುಮ್ನಿದ್ರೆ ಈ ಗುಂಪು ಸರ್ಬಿಯಾ ಮೇಲೆ, ರಷ್ಯಾ ಬಂದ್ರೆ ಗಲೀಷಿಯಾಗೆ. ಇದು ನಡೀಬೇಕಾದ್ರೆ ಒಂದೇ ಒಂದು ಷರತ್ತು, ರಷ್ಯಾ ಬರುತ್ತೋ ಇಲ್ವೋ ಅಂತ ರೈಲು ಹತ್ತೋಕೆ ಮುಂಚೆ ತೀರ್ಮಾನ ಆಗ್ಬೇಕು.

ಜುಲೈ 28ಕ್ಕೆ ಸರ್ಬಿಯಾ ಮೇಲೆ ಯುದ್ಧ ಸಾರಿದ್ರು. ರಷ್ಯಾ ಬರುತ್ತೆ ಅನ್ನೋದಕ್ಕೆ ಸೂಚನೆಗಳು ಬೇಕಾದಷ್ಟಿದ್ವು, ಅಷ್ಟಿದ್ರೂ ಕಾನ್ರಾಡ್ ಎರಡನೇ ಸೈನ್ಯನ ಸರ್ಬಿಯಾ ಕಡೆಗೆ ರೈಲು ಹತ್ತಿಸೋಕೆ ಆರ್ಡರ್ ಕೊಟ್ಟ. ಎರಡೇ ಮೂರು ದಿನಕ್ಕೆ ರಷ್ಯಾ ಪೂರ್ತಿ ಸೈನ್ಯ ಸಜ್ಜು ಮಾಡ್ತಿದೆ ಅಂತ ಸುದ್ದಿ ಬಂತು. ಜುಲೈ 31ಕ್ಕೆ ಕಾನ್ರಾಡ್ ತನ್ನ ರೈಲ್ವೆ ವಿಭಾಗದ ಮುಖ್ಯಸ್ಥ ಸ್ಟ್ರಾಬ್‌ನ ಕರೆದು ರೈಲುಗಳನ್ನ ಗಲೀಷಿಯಾ ಕಡೆ ತಿರುಗಿಸೋಕೆ ಆಗುತ್ತಾ ಅಂತ ಕೇಳಿದ, ಆತ ಸಾಧ್ಯ ಇಲ್ಲ, ಈಗ ತಿರುಗಿಸಿದ್ರೆ ಇಡೀ ರೈಲು ವ್ಯವಸ್ಥೆ ಗೋಜಲಾಗುತ್ತೆ, ಮೊದಲು ಇವರು ಡ್ಯಾನ್ಯೂಬ್ ನದಿವರೆಗೂ ಹೋಗ್ಲಿ, ಅಲ್ಲಿಳಿದು ಮತ್ತೆ ರೈಲು ಹತ್ತಿ ಗಲೀಷಿಯಾಗೆ ಬರ್ಲಿ ಅಂದ. ಅದೇ ಆಯ್ತು. ರಷ್ಯಾ ಎದುರಿಗೆ ನಿಲ್ಲಬೇಕಾಗಿದ್ದ ಸೈನ್ಯ ಆಗಸ್ಟ್ ಮೊದಲೆರಡು ವಾರ ಸಾವಾ ನದಿ ದಂಡೆಯಲ್ಲಿ ಕೂತಿತ್ತು, ನದಿ ದಾಟಿ ಪೂರ್ತಿಯಾಗಿ ಹೋರಾಡೋ ಹಾಗೂ ಇಲ್ಲ ಯಾಕಂದ್ರೆ ವಾಪಸ್ ಹೋಗ್ಬೇಕು, ಸುಮ್ನೆ ಇರೋ ಹಾಗೂ ಇಲ್ಲ ಯಾಕಂದ್ರೆ ಪಕ್ಕದಲ್ಲಿ ಬಾಲ್ಕನ್ ದಂಡನಾಯಕ ಪೊಟಿಯೊರೆಕ್‌ನ ಪಡೆಗಳು ಏಟು ತಿಂತಿವೆ. ಎರಡು ದೋಣಿ ಮೇಲೆ ಕಾಲಿಟ್ಟೋರ ಪಾಡು. ಆ ರೈಲುಗಳನ್ನ ತಿರುಗಿಸಬಹುದಿತ್ತು, ಅಧಿಕಾರಿಗಳು ಹೆದರಿದ್ರು ಅಂತ ಕೆಲವು ಇತಿಹಾಸಕಾರರು ಬರೀತಾರೆ. ಇರಬಹುದು. ನನ್ನ ಮಟ್ಟಿಗೆ ತಪ್ಪು ಸ್ಟ್ರಾಬ್‌ದಲ್ಲ, ಸರ್ಬಿಯಾನ ಮೊದಲು ಹೊಡೀಬೇಕು ಅನ್ನೋ ಹಠಕ್ಕೆ ಬಿದ್ದು ತನ್ನದೇ ಯೋಜನೆಯ ಷರತ್ತನ್ನ ಮುರಿದ ಕಾನ್ರಾಡ್‌ದು.

ಪೊಟಿಯೊರೆಕ್ ಬಗ್ಗೆ ಒಂದು ಮಾತು ಹೇಳ್ಬೇಕು. ಈತ ಬೋಸ್ನಿಯಾದ ಗವರ್ನರ್, ಜೂನ್ 28ಕ್ಕೆ ಸರಾಯೇವೊದಲ್ಲಿ ಆರ್ಚ್‌ಡ್ಯೂಕ್ ಫ್ರಾಂಟ್ಸ್ ಫರ್ಡಿನಾಂಡ್‌ಗೆ ಗುಂಡು ಬಿದ್ದಾಗ ಅದೇ ಕಾರಲ್ಲಿ ಕೂತಿದ್ದೋನು, ಭದ್ರತೆಗೆ ಹೊಣೆ ಆತನೇ. ಅಂಥವನ ಕೈಗೆ ಬಾಲ್ಕನ್ ಸೈನ್ಯ ಕೊಟ್ಟರು. ಆಗಸ್ಟ್ 16ರಿಂದ 20ರವರೆಗೆ ತ್ಸೆರ್ ಬೆಟ್ಟದಲ್ಲಿ ಸರ್ಬರು ಹೊಡೆದು ಓಡಿಸಿದ್ರು, ಮಧ್ಯದಲ್ಲಿ 18ಕ್ಕೆ ಮುದಿ ಚಕ್ರವರ್ತಿ ಫ್ರಾಂಟ್ಸ್ ಜೋಸೆಫ್ ಹುಟ್ಟುಹಬ್ಬ ಬೇರೆ. ಡಿಸೆಂಬರ್ 2ಕ್ಕೆ, ಚಕ್ರವರ್ತಿ ಪಟ್ಟಕ್ಕೆ ಬಂದ ದಿನದ ವಾರ್ಷಿಕೋತ್ಸವಕ್ಕೆ ಸರಿಯಾಗಿ, ಬೆಲ್‌ಗ್ರೇಡ್ ಹಿಡಿದು ಕಾಣಿಕೆ ಅಂತ ಅರ್ಪಿಸಿದ, ಹದಿಮೂರು ದಿನಕ್ಕೆ ಡಿಸೆಂಬರ್ 15ಕ್ಕೆ ಸರ್ಬರು ಅದನ್ನ ವಾಪಸ್ ತಗೊಂಡ್ರು. ಆ ವರ್ಷ ಸರ್ಬಿಯಾ ರಂಗದಲ್ಲೇ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ ಎರಡು ಲಕ್ಷಕ್ಕೂ ಜಾಸ್ತಿ. ಚಿಕ್ಕ ದೇಶ, ಬೇಗ ಮುಗಿಸ್ತೀವಿ ಅಂತ ಹೋಗಿದ್ದು.

ಇನ್ನು ಗಲೀಷಿಯಾ ಕಡೆ ನೋಡಿ. ಅಲ್ಲೂ ಕಾನ್ರಾಡ್ ಮೊದಲು ಸೈನಿಕರನ್ನ ಗಡಿಯಿಂದ ಹಿಂದಕ್ಕೆ, ಸಾನ್ ಮತ್ತು ನೀಸ್ಟರ್ ನದಿ ಹತ್ರ ರೈಲಿಂದ ಇಳಿಸೋಕೆ ಹೇಳಿದ್ದ, ಆಮೇಲೆ ಮನಸ್ಸು ಬದಲಾಯಿಸಿ ಮುಂದಕ್ಕೆ ಹೋಗಿ ದಾಳಿ ಮಾಡಿ ಅಂದ, ಹುಡುಗರು ಆಗಸ್ಟ್ ಬಿಸಿಲಲ್ಲಿ ಬೆನ್ನಮೇಲೆ ಹೊರೆ ಹೊತ್ಕೊಂಡು ದಿನಗಟ್ಟಲೆ ನಡೆದೇ ಹೋದ್ರು. ಕ್ರಾಸ್ನಿಕ್‌ನಲ್ಲಿ ಗೆದ್ರು, ಕೊಮರೋವ್‌ನಲ್ಲೂ ಗೆದ್ರು, ಅದನ್ನ ಮರೀಬಾರದು. ಆದ್ರೆ ಪೂರ್ವದ ಬದಿ ಖಾಲಿ, ಎರಡನೇ ಸೈನ್ಯ ಬರಬೇಕಾಗಿದ್ದ ಜಾಗ ಅದೇ, ಆ ಸಂದಿನಲ್ಲೇ ರುಜ್ಸ್ಕಿ ಮತ್ತು ಬ್ರುಸಿಲೋವ್ ಅನ್ನೋ ಇಬ್ಬರು ರಷ್ಯನ್ ಜನರಲ್‌ಗಳು ನುಗ್ಗಿದ್ರು. ಎರಡನೇ ಸೈನ್ಯ ಡ್ಯಾನ್ಯೂಬ್‌ನಿಂದ ತುಂಡುತುಂಡಾಗಿ ಬಂದು ಇಳಿಯೋ ಹೊತ್ತಿಗೆ ಹಿಮ್ಮೆಟ್ಟೋದು ಶುರು ಆಗಿತ್ತು. ಸೆಪ್ಟೆಂಬರ್ ಮೊದಲ ವಾರವೇ ಲೆಂಬರ್ಗ್ ಹೋಯ್ತು, ಅಂದ್ರೆ ಇವತ್ತಿನ ಯುಕ್ರೇನಿನ ಲ್ವಿವ್. ಆ ಕೆಲವೇ ವಾರಗಳಲ್ಲಿ ಗಲೀಷಿಯಾದಲ್ಲಿ ಆದ ನಷ್ಟ ಹತ್ತಿರಹತ್ತಿರ ನಾಲ್ಕು ಲಕ್ಷ, ಅದರಲ್ಲಿ ಸುಮಾರು ಒಂದು ಲಕ್ಷ ಸೆರೆಯಾಳುಗಳು.

ಜರ್ಮನಿ ಏನ್ ಮಾಡ್ತಿತ್ತು ಅಂತ ಕೇಳಬಹುದು. ಎರಡೂ ದೇಶ ವರ್ಷಗಟ್ಟಲೆ ಪತ್ರ ಬರ್ಕೊಂಡ್ರೂ ಒಬ್ಬರಿಗೊಬ್ಬರು ಬಾಯಿಬಿಟ್ಟು ನಿಜ ಹೇಳಿರ್ಲಿಲ್ಲ. ನೀವು ಪೂರ್ವದಲ್ಲಿ ರಷ್ಯಾನ ಕೆಳಗಿಂದ ಒತ್ತಿ, ನಾವು ಮೇಲಿಂದ ಒತ್ತುತೀವಿ ಅಂತ ಜರ್ಮನಿ ಮಾತು ಕೊಟ್ಟಿದೆ ಅಂತ ಕಾನ್ರಾಡ್ ನಂಬ್ಕೊಂಡಿದ್ದ, ಜರ್ಮನಿ ತನ್ನ ಹೆಚ್ಚಿನ ಸೈನ್ಯ ಫ್ರಾನ್ಸಿಗೆ ಕಳಿಸಿ ಪೂರ್ವ ಪ್ರಶ್ಯಾದಲ್ಲಿ ಒಂದೇ ಒಂದು ಸೈನ್ಯ ಬಿಟ್ಟಿತ್ತು. ಕಾನ್ರಾಡ್ ಕೂಡ ತಾನು ಮೊದಲು ಸರ್ಬಿಯಾ ಕಡೆ ಹೋಗ್ತೀನಿ ಅಂತ ಅವರಿಗೆ ಸರಿಯಾಗಿ ಹೇಳಿರ್ಲಿಲ್ಲ. ಅಷ್ಟೆಲ್ಲ ಇದ್ರೂ ಆಸ್ಟ್ರಿಯಾದ ಶ್ಕೋಡಾ ಕಾರ್ಖಾನೆಯ 30.5 ಸೆಂಟಿಮೀಟರ್ ಭಾರಿ ಮಾರ್ಟರ್‌ಗಳು ಆಗಸ್ಟಲ್ಲಿ ಬೆಲ್ಜಿಯಂ ಕೋಟೆ ಒಡೆಯೋಕೆ ಜರ್ಮನ್ನರ ಜೊತೆ ಹೋಗಿದ್ವು.

ಚಳಿಗಾಲದ ಕಾರ್ಪೇಥಿಯನ್ ಬೆಟ್ಟಗಳ ಕಥೆ ಬರೆಯೋಕೆ ನನಗೆ ಕಷ್ಟ ಆಗುತ್ತೆ. ಪ್ಶೆಮಿಶ್ಲ್ ಅಂತ ಒಂದು ದೊಡ್ಡ ಕೋಟೆ, ಒಳಗೆ ಲಕ್ಷಕ್ಕೂ ಜಾಸ್ತಿ ಸೈನಿಕರು ರಷ್ಯನ್ನರ ಮುತ್ತಿಗೆಯಲ್ಲಿ ಸಿಕ್ಕಿಹಾಕ್ಕೊಂಡಿದ್ರು, ಕುದುರೆಗಳನ್ನ ಕಡಿದು ತಿಂತಿದ್ರು. ಅವರನ್ನ ಬಿಡಿಸೋಕೆ ಅಂತ ಕಾನ್ರಾಡ್ 1915ರ ಜನವರಿ 23ರಿಂದ ಹಿಮ ತುಂಬಿದ ಬೆಟ್ಟಗಳ ಮೇಲೆ ಒಂದಾದ ಮೇಲೆ ಒಂದು ದಾಳಿ ಮಾಡಿಸಿದ. ರೈಫಲ್ ಹೆಪ್ಪುಗಟ್ಟಿ ಬೆಂಕಿ ಮೇಲೆ ಹಿಡಿದ ಮೇಲೆ ಕೆಲಸ ಮಾಡ್ತಿತ್ತು, ರಾತ್ರಿ ಮಲಗಿದ ಎಷ್ಟೋ ಜನ ಬೆಳಗ್ಗೆ ಏಳ್ಲೇ ಇಲ್ಲ, ಕಾಲು ಬೆರಳು ಕೊಳೆತು ಕತ್ತರಿಸಬೇಕಾದವರ ಲೆಕ್ಕ ಬೇರೆ. ಆ ಮೂರು ನಾಲ್ಕು ತಿಂಗಳಲ್ಲಿ ಸತ್ತವರು, ಗಾಯಾಳುಗಳು, ಸೆರೆಯಾಳುಗಳು, ಕಾಯಿಲೆ ಬಿದ್ದವರು ಎಲ್ಲಾ ಸೇರಿ ಆರು ಲಕ್ಷಕ್ಕೂ ಹೆಚ್ಚು ಅಂತ ಲೆಕ್ಕ ಹಾಕ್ತಾರೆ. ಒಂದು ಲಕ್ಷ ಚಿಲ್ಲರೆ ಜನರನ್ನ ಬಿಡಿಸೋಕೆ! ಕೊನೆಗೆ ಮಾರ್ಚ್ 22ಕ್ಕೆ ಕೋಟೆ ಶರಣಾಯ್ತು, ಯಾರನ್ನೂ ಬಿಡಿಸೋಕೆ ಆಗ್ಲಿಲ್ಲ. ಯುದ್ಧಕ್ಕೆ ಮುಂಚೆ ತರಬೇತಾದ ಸೈನ್ಯ ಅನ್ನೋದು ಆ ಹೊತ್ತಿಗೆ ಬಹುಪಾಲು ಇರಲೇ ಇಲ್ಲ, ಉಳಿದಿದ್ದು ಮನೆಯಿಂದ ಕರೆಸಿಕೊಂಡ ವಯಸ್ಸಾದವರು, ಆಗಷ್ಟೇ ಮೀಸೆ ಬಂದ ಹುಡುಗರು.

1915ರ ಮೇ 2ಕ್ಕೆ ಗೊರ್ಲಿಟ್ಸೆಯಲ್ಲಿ ಜರ್ಮನ್ನರ ಮ್ಯಾಕೆನ್ಸೆನ್ ಜೊತೆ ಸೇರಿ ದಾಳಿ ಮಾಡಿದಾಗ ರಷ್ಯಾ ಸಾಲು ಕುಸೀತು, ಜೂನ್ 3ಕ್ಕೆ ಪ್ಶೆಮಿಶ್ಲ್ ವಾಪಸ್, ಜೂನ್ 22ಕ್ಕೆ ಲೆಂಬರ್ಗ್ ವಾಪಸ್. ಸೈನ್ಯ ಉಸಿರು ಬಿಡೋ ಹೊತ್ತು ಬಂತು ಅನ್ನೋವಾಗ್ಲೇ ಮೇ 23ಕ್ಕೆ ಇಟಲಿ ಯುದ್ಧ ಸಾರಿತು. ಇಲ್ಲೇ ನನ್ನ ವಾದದ ಗಂಟು ಇರೋದು. ಇಟಲಿ ತಿಂಗಳುಗಟ್ಟಲೆ ಎರಡೂ ಕಡೆ ಚೌಕಾಸಿ ಮಾಡ್ತಿತ್ತು, ಇಟಾಲಿಯನ್ ಮಾತಾಡೋ ಟ್ರೆಂಟಿನೊ ಸೀಮೆ ಕೊಟ್ಟುಬಿಡಿ ಅಂತ ಜರ್ಮನಿ ವಿಯೆನ್ನಾನ ಬೇಡ್ಕೊಳ್ತಿತ್ತು, ಕೊಡೋಣ ಅನ್ನೋ ಮನಸ್ಸಿದ್ದ ವಿದೇಶಾಂಗ ಮಂತ್ರಿ ಬೆರ್ಕ್‌ಟೋಲ್ಡ್ ಜನವರಿಯಲ್ಲೇ ಕುರ್ಚಿ ಬಿಡಬೇಕಾಯ್ತು. ಕೊನೆಗೆ ಒಪ್ಪಿದಾಗ ತಡ ಆಗಿತ್ತು, ಏಪ್ರಿಲ್ 26ಕ್ಕೇ ಇಟಲಿ ಲಂಡನ್ನಿನಲ್ಲಿ ಗುಟ್ಟಾಗಿ ಸಹಿ ಹಾಕಿಬಿಟ್ಟಿತ್ತು, ಬ್ರಿಟನ್-ಫ್ರಾನ್ಸ್ ಅದಕ್ಕೆ ಟ್ರಿಯೆಸ್ಟ್, ಇಸ್ಟ್ರಿಯಾ ಎಲ್ಲಾ ಬರ್ಕೊಟ್ಟಿದ್ವು. ಬೇಗ ಕೊಟ್ಟಿದ್ರೆ ಇಟಲಿ ಸುಮ್ನಿರ್ತಿತ್ತಾ? ಖಾತ್ರಿ ಯಾರೂ ಹೇಳೋಕಾಗಲ್ಲ. ಆದ್ರೆ ಆರುನೂರು ಕಿಲೋಮೀಟರ್ ಉದ್ದದ ಹೊಸ ರಂಗದ ಎದುರಿಗೆ ಒಂದು ಕಣಿವೆ ಸೀಮೆ ಏನು ಮಹಾ? ಪ್ರಯತ್ನನಾದ್ರೂ ಮಾಡ್ಬೇಕಿತ್ತು. 1866ರಲ್ಲಿ ವೆನೀಷಿಯಾ ವಿಷಯದಲ್ಲಿ ಮಾಡಿದ್ದನ್ನೇ ಅದೇ ಚಕ್ರವರ್ತಿ ಮತ್ತೆ ಮಾಡಿದ್ರು. ಹೌದು, ಎರಡೂ ಸಲ ಸಿಂಹಾಸನದ ಮೇಲೆ ಇದ್ದಿದ್ದು ಫ್ರಾಂಟ್ಸ್ ಜೋಸೆಫೇ.

ಇಟಲಿ ಗಡಿಯಲ್ಲಿ ಆಗ ಯಾರಿದ್ರು ಗೊತ್ತಾ? ಟಿರೋಲ್ ಪ್ರಾಂತ್ಯದ ಸ್ವಂತ ರೆಜಿಮೆಂಟ್‌ಗಳು ಗಲೀಷಿಯಾದಲ್ಲಿ ಸಾಯ್ತಿದ್ವು, ಹಾಗಾಗಿ ಊರೂರಿನ ಗುರಿಕಾರರ ಸಂಘದ ಮುದುಕರು, ಇನ್ನೂ ಸೈನ್ಯದ ವಯಸ್ಸಾಗದ ಹುಡುಗರು ಬಂದೂಕು ಹಿಡ್ಕೊಂಡು ತಮ್ಮ ತಮ್ಮ ಊರಿನ ಮೇಲಿನ ಬೆಟ್ಟ ಕಾಯೋಕೆ ಹೋದ್ರು. ಪೂರ್ವದ ಬದಿ ಇಸೊಂಜೊ ನದಿ ಹತ್ರ ಬೊರೊಯೆವಿಚ್ ಅನ್ನೋ ದಂಡನಾಯಕ, ಹುಟ್ಟಿದ್ದು ಕ್ರೊಯೇಷಿಯಾದಲ್ಲಿ, ಆರ್ಥೊಡಾಕ್ಸ್ ಮತದ ಮನೆ. ಇಟಲಿ ಎರಡು ವರ್ಷದಲ್ಲಿ ಹನ್ನೊಂದು ಸಲ ದಾಳಿ ಮಾಡಿತು, ಆತ ಹನ್ನೊಂದು ಸಲವೂ ಸಾಲು ಒಡೆದುಹೋಗದ ಹಾಗೆ ಹಿಡಿದು ನಿಲ್ಲಿಸಿದ. ಆ ಕಡೆ ನೆಲ ಎಲ್ಲಾ ಸುಣ್ಣದ ಕಲ್ಲು, ಶೆಲ್ ಬಿದ್ರೆ ಕಬ್ಬಿಣದ ಚೂರಿನ ಜೊತೆ ಕಲ್ಲಿನ ಚೂರೂ ಸಿಡಿದು ಕಣ್ಣಿಗೆ ಬೀಳ್ತಿತ್ತು, ಕುಡಿಯೋ ನೀರು ಹೊತ್ತು ತರ್ಬೇಕು. ಇನ್ನು ಮೇಲೆ ಡೊಲೊಮೈಟ್ ಬೆಟ್ಟಗಳಲ್ಲಿ, ಮಾರ್ಮೊಲಾಡಾ ಹಿಮನದಿಯ ಒಳಗೇ ಕಿಲೋಮೀಟರ್‌ಗಟ್ಟಲೆ ಸುರಂಗ ಕೊರೆದು ಅದರಲ್ಲೇ ವಾಸ. 1916ರ ಡಿಸೆಂಬರ್ 13ಕ್ಕೆ ಅಲ್ಲಿ ಒಂದೇ ಹಿಮಕುಸಿತಕ್ಕೆ ಇನ್ನೂರಕ್ಕೂ ಹೆಚ್ಚು ಆಸ್ಟ್ರಿಯನ್ ಸೈನಿಕರು ಸತ್ತರು, ಶತ್ರುವಿನ ಒಂದು ಗುಂಡೂ ಹಾರದೆ.

1916ಕ್ಕೆ ಬಂದ್ರೆ ಅದೇ ಕಾನ್ರಾಡ್ ಅದೇ ತಪ್ಪು ಇನ್ನೂ ದೊಡ್ಡದಾಗಿ ಮಾಡಿದ. ಇಟಲಿಗೆ ಬುದ್ಧಿ ಕಲಿಸ್ಬೇಕು ಅಂತ ರಷ್ಯಾ ಎದುರಿದ್ದ ಒಳ್ಳೊಳ್ಳೆ ಡಿವಿಷನ್‌ಗಳನ್ನ, ಭಾರಿ ತೋಪುಗಳನ್ನ ಕಿತ್ತು ಆಲ್ಪ್ಸ್ ಕಡೆಗೆ ತಂದ. ಜರ್ಮನಿಯ ಫಾಲ್ಕೆನ್‌ಹೈನ್ ಬೇಡ ಅಂದಿದ್ದ, ಆದ್ರೆ ಆತನೂ ಫ್ರಾನ್ಸಿನ ವರ್ಡನ್ ಮೇಲಿನ ದಾಳಿ ಬಗ್ಗೆ ಕಾನ್ರಾಡ್‌ಗೆ ಮುಂಚೆ ಹೇಳಿರ್ಲಿಲ್ಲ, ಮಿತ್ರದೇಶಗಳ ಇಬ್ಬರು ಸೇನಾ ಮುಖ್ಯಸ್ಥರು ಒಬ್ಬರ ಮೇಲೊಬ್ಬರು ಮುನಿಸ್ಕೊಂಡು ತಮ್ಮತಮ್ಮ ಯುದ್ಧ ಮಾಡ್ತಿದ್ರು. ಹಿಮ ಕರಗ್ಲಿಲ್ಲ ಅಂತ ದಾಳಿ ತಡ ಆಗಿ ಮೇ 15ಕ್ಕೆ ಶುರು ಆಯ್ತು, ಆಸಿಯಾಗೊ ತನಕ ಮುಂದೆ ಹೋದ್ರು. ಜೂನ್ 4ಕ್ಕೆ ಪೂರ್ವದಲ್ಲಿ ಬ್ರುಸಿಲೋವ್, 1914ರಲ್ಲಿ ಅದೇ ಸಂದಿನಲ್ಲಿ ನುಗ್ಗಿದ್ದನಲ್ಲ ಅವನೇ, ನಾಲ್ಕು ಸೈನ್ಯಗಳನ್ನ ಒಟ್ಟಿಗೆ ಬಿಟ್ಟ. ಮೂರೇ ದಿನಕ್ಕೆ ಲುಟ್ಸ್ಕ್ ಹೋಯ್ತು, ಅಲ್ಲಿದ್ದ ಆರ್ಚ್‌ಡ್ಯೂಕ್ ಜೋಸೆಫ್ ಫರ್ಡಿನಾಂಡ್‌ನ ನಾಲ್ಕನೇ ಸೈನ್ಯ ಪುಡಿಪುಡಿ ಆಯ್ತು. ಆಲ್ಪ್ಸ್‌ನಿಂದ ಸೈನಿಕರನ್ನ ಮತ್ತೆ ರೈಲಿಗೆ ತುಂಬಿ ಪೂರ್ವಕ್ಕೆ ಕಳಿಸಿದ್ರು, ಆಗಸ್ಟಲ್ಲಿ ಇಸೊಂಜೊ ಹತ್ರ ಗೊರಿಜಿಯಾ ಕೈತಪ್ಪಿತು, ಆಗಸ್ಟ್ 27ಕ್ಕೆ ಇದನ್ನೆಲ್ಲ ನೋಡ್ತಿದ್ದ ರೊಮೇನಿಯಾನೂ ಯುದ್ಧ ಸಾರಿ ಟ್ರಾನ್ಸಿಲ್ವೇನಿಯಾಗೆ ನುಗ್ಗಿತು, ಅಲ್ಲಿ ಕಾಯೋಕೆ ಹೆಸರಿಗೆ ಒಂದು ಸೈನ್ಯ. ಬ್ರುಸಿಲೋವ್ ದಾಳಿಯಲ್ಲಿ ಹೋದವರು ಆರು ಲಕ್ಷದ ಮೇಲೆ, ಅರ್ಧಕ್ಕಿಂತ ಹೆಚ್ಚು ಸೆರೆಯಾಳುಗಳೇ. ಸೆಪ್ಟೆಂಬರ್‌ನಲ್ಲಿ ಪೂರ್ತಿ ಕಮಾಂಡ್ ಜರ್ಮನ್ನರ ಕೈಗೆ ಹೋಯ್ತು. ಆಮೇಲಿನ ಗೆಲುವುಗಳು, ಡಿಸೆಂಬರ್‌ನಲ್ಲಿ ಬುಕಾರೆಸ್ಟ್, 1917ರ ಅಕ್ಟೋಬರ್ 24ಕ್ಕೆ ಇಟಲಿ ರಂಗದ ಕಪೊರೆಟ್ಟೊ, ಎಲ್ಲಾ ಜರ್ಮನ್ ಸೈನ್ಯ ಪಕ್ಕದಲ್ಲಿ ನಿಂತಿದ್ದಕ್ಕೆ ಬಂದಿದ್ದು.

ಫ್ರಾಂಟ್ಸ್ ಜೋಸೆಫ್ 1916ರ ನವೆಂಬರ್ 21ಕ್ಕೆ ತೀರ್ಕೊಂಡ್ರು, ಹೊಸ ಚಕ್ರವರ್ತಿ ಕಾರ್ಲ್ ಕಾನ್ರಾಡ್‌ನ ಮುಖ್ಯಸ್ಥನ ಸ್ಥಾನದಿಂದ ತೆಗೆದ್ರು, ಆದ್ರೆ ಮನೆಗೆ ಕಳಿಸದೆ ಟಿರೋಲ್ ರಂಗಕ್ಕೆ ಹಾಕಿದ್ರು. 1918ರ ಹೊತ್ತಿಗೆ ರಷ್ಯಾ ಇಲ್ಲ, ಸರ್ಬಿಯಾ ಇಲ್ಲ, ರೊಮೇನಿಯಾ ಇಲ್ಲ, ಮೊದಲ ಸಲ ಉಳಿದಿದ್ದು ನಿಜವಾಗಿ ಒಂದೇ ದೊಡ್ಡ ರಂಗ, ಇಟಲಿ. ಆವಾಗ್ಲೂ ಜೂನ್ 15ರ ಕೊನೇ ದಾಳಿಯಲ್ಲಿ ಬೆಟ್ಟದ ಕಡೆ ಕಾನ್ರಾಡ್, ಪಿಯಾವೆ ನದಿ ಕಡೆ ಬೊರೊಯೆವಿಚ್, ಯಾರಿಗೆ ಮುಖ್ಯ ದಾಳಿ ಅಂತ ತೀರ್ಮಾನ ಮಾಡೋಕಾಗದೆ ಇಬ್ಬರಿಗೂ ಹಂಚಿಬಿಟ್ರು. ಒಂದು ರಂಗ ಸಿಕ್ಕಾಗ ಅದನ್ನೇ ಎರಡು ಮಾಡ್ಕೊಂಡ್ರು ನೋಡಿ. ಪಿಯಾವೆ ತುಂಬಿ ಹರಿದು ಸೇತುವೆಗಳು ಕೊಚ್ಚಿಹೋದ್ವು, ಲಕ್ಷಕ್ಕೂ ಹೆಚ್ಚು ನಷ್ಟ. ಊರಲ್ಲಿ ಹಿಟ್ಟಿನ ರೇಷನ್ ಕಡಿತ ಆಗಿ ಜನವರಿಯಲ್ಲೇ ಭಾರಿ ಮುಷ್ಕರ ಆಗಿತ್ತು, ಫೆಬ್ರುವರಿಯಲ್ಲಿ ಕಟ್ಟಾರೊ ಬಂದರಿನಲ್ಲಿ ನಾವಿಕರು ದಂಗೆ ಎದ್ದಿದ್ರು. ಅಕ್ಟೋಬರ್ 24ಕ್ಕೆ ಇಟಲಿ ಕಡೆಯ ದಾಳಿ ಶುರು ಆಯ್ತು, ನವೆಂಬರ್ 3ಕ್ಕೆ ಕದನವಿರಾಮಕ್ಕೆ ಸಹಿ. ವಿರಾಮ ಜಾರಿ ಆಗೋದು 4ನೇ ತಾರೀಖು ಮಧ್ಯಾಹ್ನ ಮೂರಕ್ಕೆ, ಆಸ್ಟ್ರಿಯಾ ಕಮಾಂಡ್ ಮಾತ್ರ ತಕ್ಷಣ ಬಂದೂಕು ಕೆಳಗಿಡಿ ಅಂತ ಆರ್ಡರ್ ಕಳಿಸಿಬಿಡ್ತು, ಆ ಗೊಂದಲದಲ್ಲೇ ಮೂರು ಲಕ್ಷಕ್ಕೂ ಜಾಸ್ತಿ ಜನ ಇಟಲಿಗೆ ಸೆರೆಯಾದ್ರು, ಅವರಲ್ಲಿ ಎಷ್ಟೋ ಜನ ಯುದ್ಧ ಮುಗೀತು, ಮನೆಗೆ ಹೋಗ್ತೀವಿ ಅಂದ್ಕೊಂಡೇ ಕೈ ಎತ್ತಿದ್ದೋರು.

ಒಟ್ಟು ಸುಮಾರು 80 ಲಕ್ಷ ಜನರನ್ನ ಸೈನ್ಯಕ್ಕೆ ಕರೆದಿದ್ರು, ಹತ್ತು ಲಕ್ಷಕ್ಕೂ ಹೆಚ್ಚು ಜನ ವಾಪಸ್ ಬರ್ಲಿಲ್ಲ.

ಈಗ ನಾನು ಈ ಪತ್ರ ಬರೆಯೋಕೆ ಮುಖ್ಯ ಕಾರಣಕ್ಕೆ ಬರ್ತೀನಿ. ಈ ಸೋಲಿನ ಬಗ್ಗೆ ಎಲ್ಲಿ ಓದಿದ್ರೂ ಒಂದು ವಿವರಣೆ ಸಿಗುತ್ತೆ, ಅದು ಹತ್ತು ಹನ್ನೊಂದು ಭಾಷೆಯ ಸೈನ್ಯ, ಜೆಕ್ಕರಿಗೆ ನಿಷ್ಠೆ ಇರ್ಲಿಲ್ಲ, ಸ್ಲಾವ್ ಹುಡುಗರು ರಷ್ಯಾ ಕಡೆ ಓಡಿಹೋದ್ರು, ಹಾಗಾಗಿ ಸೋತರು ಅಂತ. ಇಷ್ಟೊಂದು ಭಾಷೆ ಇರೋ ದೇಶದಲ್ಲಿ, ಬೇರೆಬೇರೆ ಭಾಷೆಯ ಹುಡುಗರು ಒಂದೇ ಸೈನ್ಯದಲ್ಲಿ ದುಡಿಯೋ ದೇಶದಲ್ಲಿ ಕೂತ್ಕೊಂಡು ಇದನ್ನ ಓದುವಾಗ ನನಗೆ ನೋವಾಗುತ್ತೆ, ಅದಕ್ಕಿಂತ ಹೆಚ್ಚಾಗಿ ಅದು ಸರಿಯಾದ ವಿವರಣೆಯೂ ಅಲ್ಲ. ಆ ಸೈನ್ಯದ ವ್ಯವಸ್ಥೆ ಹೇಗಿತ್ತು ಅಂದ್ರೆ, ಆಜ್ಞೆ ಕೊಡೋಕೆ ಸುಮಾರು 80 ಜರ್ಮನ್ ಪದ ಎಲ್ಲರೂ ಕಲೀಬೇಕು, ಅದು ಬಿಟ್ಟು ಪ್ರತಿ ರೆಜಿಮೆಂಟಿಗೂ ಅಲ್ಲಿನ ಹುಡುಗರ ಭಾಷೆಯೇ ರೆಜಿಮೆಂಟ್ ಭಾಷೆ. ಅಧಿಕಾರಿ ಆಗಿ ಬಂದವನು ಮೂರು ವರ್ಷದ ಒಳಗೆ ಆ ಭಾಷೆ ಕಲೀಲೇಬೇಕು, ಇಲ್ಲದಿದ್ರೆ ಬಡ್ತಿಗೆ ತೊಂದರೆ. ಸೈನಿಕ ಮೇಲಧಿಕಾರಿಯ ಭಾಷೆ ಕಲಿಯೋದು ಅಷ್ಟೇ ಅಲ್ಲ, ಮೇಲಧಿಕಾರಿ ಸೈನಿಕನ ಭಾಷೆ ಕಲಿಯೋದು. ನಮ್ಮಲ್ಲಿ ಬ್ಯಾಂಕಿನ ಕೌಂಟರಲ್ಲೂ ಇದಕ್ಕೆ ಜಗಳ ಆಡಬೇಕಾಗಿದೆ! ದಶಕಗಟ್ಟಲೆ ಈ ವ್ಯವಸ್ಥೆ ನಡೀತು. ಕುಸಿದಿದ್ದು ಯಾವಾಗ ಅಂದ್ರೆ ಆ ಭಾಷೆ ಕಲಿತ ಅಧಿಕಾರಿಗಳಲ್ಲಿ ಬಹಳ ಜನ 1914ರ ಗಲೀಷಿಯಾ ಮತ್ತು ಸರ್ಬಿಯಾದಲ್ಲಿ, ಆಮೇಲೆ ಕಾರ್ಪೇಥಿಯನ್ ಹಿಮದಲ್ಲಿ ಸತ್ತುಹೋದ ಮೇಲೆ. ಅವರ ಜಾಗಕ್ಕೆ ಬಂದ ಮೀಸಲು ಅಧಿಕಾರಿಗಳು ವಕೀಲರು, ಮೇಷ್ಟ್ರುಗಳು, ಬಹಳ ಜನಕ್ಕೆ ತಮ್ಮ ಹುಡುಗರ ಮಾತು ಬರ್ತಿರ್ಲಿಲ್ಲ, ಬೆಟ್ಟದ ಮೇಲೆ ಗುಂಡು ಬೀಳುವಾಗ ಸೈನಿಕ ಏನು ಕೇಳ್ತಿದ್ದಾನೆ ಅಂತ ಅಧಿಕಾರಿಗೆ ಅರ್ಥ ಆಗ್ತಿರ್ಲಿಲ್ಲ. ಅಂದ್ರೆ ಭಾಷೆಯಿಂದ ಯುದ್ಧ ಸೋಲಲಿಲ್ಲ, ಹಠಕ್ಕೆ ಬಿದ್ದು ಮಾಡಿದ ಯುದ್ಧ ಆ ಭಾಷಾ ವ್ಯವಸ್ಥೆಯನ್ನ ಕೊಂದು ಹಾಕಿತು.

ಹಾಗಂತ ಓಡಿಹೋದವರೇ ಇಲ್ಲ ಅಂತ ನಾನು ಹೇಳ್ತಿಲ್ಲ. ರಷ್ಯಾದಲ್ಲಿ ಸೆರೆಸಿಕ್ಕ ಜೆಕ್ಕರು ತಮ್ಮದೇ ಲೀಜನ್ (ಸ್ವಯಂಸೇವಕ ಪಡೆ) ಕಟ್ಕೊಂಡು 1917ರ ಜುಲೈನಲ್ಲಿ ಜ್ಬೊರೊವ್‌ನಲ್ಲಿ ಆಸ್ಟ್ರಿಯಾ ವಿರುದ್ಧವೇ ಹೋರಾಡಿದ್ರು, ಅವರಿಗೆ ಅವರ ಕಾರಣ ಇತ್ತು. ಆದ್ರೆ ಇಸೊಂಜೊ ದಡದಲ್ಲಿ ಎರಡು ವರ್ಷ ನಿಂತವರಲ್ಲಿ ಸ್ಲೊವೇನರು, ಕ್ರೊಯೇಟರು, ಬೋಸ್ನಿಯಾದ ಮುಸ್ಲಿಮರು, ಹಂಗೇರಿಯವರು, ಜೆಕ್ಕರು ಎಲ್ಲಾ ಇದ್ರು. ಪ್ರಾಗ್ ನಗರದ 28ನೇ ರೆಜಿಮೆಂಟಿನ ಕಥೆಯನ್ನಂತೂ ಎಲ್ಲರೂ ಅರ್ಧ ಹೇಳಿ ಬಿಡ್ತಾರೆ. 1915ರ ಏಪ್ರಿಲ್ 3ಕ್ಕೆ ಕಾರ್ಪೇಥಿಯನ್‌ನಲ್ಲಿ ರಷ್ಯನ್ನರು ಆ ರೆಜಿಮೆಂಟಿನ ಮೇಲೆ ಬಿದ್ದು ಹೆಚ್ಚಿನವರನ್ನ ಸೆರೆ ಹಿಡಿದ್ರು, ಇವರು ಬೇಕಂತಲೇ ಬ್ಯಾಂಡ್ ಬಾರಿಸ್ಕೊಂಡು ಶತ್ರು ಕಡೆ ಹೋದ್ರು ಅಂತ ಗಾಳಿಸುದ್ದಿ ಎದ್ದಿತು, ಚಕ್ರವರ್ತಿ ಆಜ್ಞೆ ಹೊರಡಿಸಿ ರೆಜಿಮೆಂಟನ್ನೇ ರದ್ದು ಮಾಡಿ ಅವಮಾನ ಮಾಡಿದ್ರು. ಅರ್ಧ ಕಥೆ ಇಲ್ಲಿಗೆ ನಿಲ್ಲುತ್ತೆ. ಆಮೇಲೆ ವಿಚಾರಣೆ ನಡೀತು, ಸಾಮೂಹಿಕವಾಗಿ ಪಕ್ಷ ಬದಲಾಯಿಸಿದ್ರು ಅನ್ನೋದು ನಿಲ್ಲಲಿಲ್ಲ, ಉಳಿದಿದ್ದ ಆ ರೆಜಿಮೆಂಟಿನ ಹುಡುಗರು ಇಸೊಂಜೊ ರಂಗದಲ್ಲಿ ಚೆನ್ನಾಗಿ ಹೋರಾಡಿದ್ರು, ರೆಜಿಮೆಂಟನ್ನ ಮತ್ತೆ ಸ್ಥಾಪನೆ ಮಾಡಿದ್ರು. ಚಳಿಯಲ್ಲಿ ಸವೆದು, ತರಬೇತಿ ಇಲ್ಲದೆ ಬಂದ ಹುಡುಗರು ಸಾಲು ಹಿಡಿಯೋಕಾಗದೆ ಸಿಕ್ಕಿಬಿದ್ದಿದ್ದನ್ನ, ಅವರನ್ನ ಅಲ್ಲಿಗೆ ಕಳಿಸಿದೋರು ದ್ರೋಹ ಅಂತ ಬರ್ಕೊಂಡಿದ್ದರು. ತಮ್ಮ ಯೋಜನೆ ಕೆಟ್ಟಿತ್ತು ಅಂತ ಒಪ್ಪೋದಕ್ಕಿಂತ ಇದು ಅವರಿಗೆ ಸುಲಭ ಇತ್ತು.

ಆದ್ದರಿಂದ ನನ್ನ ವಿನಂತಿ, ಮೊದಲನೇ ಮಹಾಯುದ್ಧದ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬರೆಸುವಾಗ ಗಲೀಷಿಯಾ, ಕಾರ್ಪೇಥಿಯನ್, ಇಸೊಂಜೊ ಈ ಮೂರಕ್ಕೂ ಜಾಗ ಕೊಡಿ, ಬಲ್ಲವರ ಕೈಲಿ ಬರೆಸಿ. ಆ ರಂಗಗಳ ನಕ್ಷೆಯನ್ನೂ ಹಾಕಿ, ರೈಲು ದಾರಿಗಳ ಸಮೇತ, ಯಾಕಂದ್ರೆ 1914ರ ಆಗಸ್ಟ್ ಕಥೆ ನಕ್ಷೆ ಇಲ್ಲದೆ ತಲೆಗೆ ಹತ್ತಲ್ಲ. 28ನೇ ರೆಜಿಮೆಂಟ್ ವಿಷಯ ಬಂದ್ರೆ ದಯವಿಟ್ಟು ವಿಚಾರಣೆಯಲ್ಲಿ ಏನಾಯ್ತು ಅನ್ನೋ ತನಕ ಬರೆಸಿ, ರದ್ದು ಮಾಡಿದ ಆಜ್ಞೆಗೇ ನಿಲ್ಲಿಸ್ಬೇಡಿ.

ಇಂತಿ,
ನಿಮ್ಮ ಓದುಗ, ಮೈಸೂರು